ಕೆಂದಿಯನ್ನು ಯಾವಾಗ ಮಾರುವುದು

ಶಿವು, ಗಂಗಾ, ಮೊನ್ನೆ ಪಕ್ಕದ ಮನೆಯವರು ಹತ್ತಿಕಾಳಿನ ಹಿಂಡಿ ನೆನೆಹಾಕಿದ್ದರು. ಆ ಹುಳಿ ವಾಸನೆ ಕಿಟಕಿಯೊಳಗೆ ಬಂದದ್ದೇ ತಡ, ಹರಪನಹಳ್ಳಿ ಕಡೆಯ ನಮ್ಮ ಹಳೆಯ ಮನೆ, ಅಲ್ಲಿ ಸಾಲಾಗಿ ಮಲಗಿ ಮೆಲುಕು ಹಾಕುತ್ತಿದ್ದ ಆಕಳುಗಳು ಎಲ್ಲ ಕಣ್ಣಮುಂದೆ ಬಂದವು. ಜೊತೆಗೆ ಹಳೆಯ ಸಿಟ್ಟೂ ಬಂತು.

ಗಬ್ಬದ ಆಕಳನ್ನು ಯಾವಾಗ ಮಾರಬೇಕೆಂಬುದು ನಮ್ಮ ಮನೆಯಲ್ಲಿ ಎಂದೂ ತೀರ್ಮಾನವಾಗುತ್ತಿರಲಿಲ್ಲ. ನಿಮ್ಮ ಅಜ್ಜ ತಮ್ಮ ತಾಯಿಗೆ, "ಇನ್ನೊಂದೀಟು ಕೆಚ್ಚಲ ಇಳೀಲಿ ತಡಿಯವ್ವಾ, ಆಗ ಚಲೋ ರೇಟು ಬರ್ತತಿ" ಎನ್ನುವರು. ಕೆಚ್ಚಲು ಇಳಿದದ್ದು ಕಂಡೊಡನೆ ನನ್ನ ಅತ್ತೆ ಆಕಳಿಗೆ ಅರಿಸಿನ ಹಚ್ಚಿ, ಮೊರದಲ್ಲಿ ಜೋಳ, ಬೆಲ್ಲ ಇಟ್ಟು ಉಡಿ ತುಂಬಿಬಿಡುವರು. "ನಮ್ಮನಿಯಾಗ ಹುಟ್ಟಿದ ಕೂಸದು. ಚೊಚ್ಚಲ ಹೆರಿಗಿ ತವರಾಗ ಆಗ್ಲಿ." ಈದ ಮೇಲೆ ಕರು ಸಣ್ಣದು. ಕರು ಬೆಳೆಯುವಷ್ಟರಲ್ಲಿ ಮತ್ತೆ ಗಬ್ಬ, ಮತ್ತೆ ಅಜ್ಜನ "ತಡಿ". ಹಿಂಡು ಬೆಳೆಯಿತು. ಸಗಣಿ ಬಾಚುವವಳು ಮಾತ್ರ ನಾನೊಬ್ಬಳೇ.

ಶಿವು, ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮವ್ವ ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ಅಷ್ಟರೊಳಗೆ ಮೊದಲ ಗಬ್ಬದ ಕೆಂದಿ ಎಂಬ ಆಕಳಾದರೂ ಹೋಗಲಿ, ಮಗಳ ಬಳಿ ಕೂರಲು ನನಗೆ ಹೊತ್ತು ಸಿಗಲಿ ಎಂದು ಕಾದೆ. ಹಡಗಲಿಯಿಂದ ಗಿರಾಕಿ ಬಂದು, ಹಲ್ಲು ನೋಡಿ ಒಪ್ಪಿದ. ಅಜ್ಜ "ಇನ್ನೊಂದು ವಾರ ಬಿಟ್ಟು ಬರ್ರಿ" ಎಂದರು. ಅವನು ಮತ್ತೆ ಬಂದಾಗ ಕೆಂದಿಯ ಹಣೆಯಲ್ಲಿ ಅರಿಸಿನ! "ಬಾಣಂತನ ಮುಗಿಸಿ ಕಳಸ್ತೇವಪ್ಪ" ಎಂದರು ಅತ್ತೆ. ಅವನು ಚಹಾ ಕುಡಿದು ನಗುತ್ತ ಹೋದ.

ಮಗಳಿಗೆ ಬೇನೆ ಕಾಣಿಸಿಕೊಂಡ ಬೆಳಿಗ್ಗೆಯೇ ಕೆಂದಿಯೂ ಏಳುವುದು ಮಲಗುವುದು ಮಾಡತೊಡಗಿತು. ಅತ್ತೆಯ ಮುಂದೆ ಎಂದೂ ದನಿ ಎತ್ತದ ನಾನು ಅಂಗಳದಲ್ಲಿ ನಿಂತು ಅಂದೆ: "ನನ್ನ ಮಗಳ್ನ ಕರ್ಕೊಂಡು ದವಾಖಾನಿಗೆ ಹೊಂಟೀನಿ. ನಿಮ್ಮ ಮಗಳ್ನ ನೀವು ನೋಡ್ಕೊಳ್ರಿ!"

ನೀನು ಹುಟ್ಟಿದೆ. ನಾನು ಮನೆಗೆ ಮರಳಿದಾಗ ಅತ್ತೆ, ಅಜ್ಜ ಇಬ್ಬರೂ ಮೈತುಂಬ ಸಗಣಿ ಮಾಡಿಕೊಂಡಿದ್ದರು. ಕೆಂದಿ ಹೆಣ್ಣುಗರು ಹಾಕಿತ್ತು. ಅಜ್ಜ ಸೋತ ದನಿಯಲ್ಲಿ ಮೊದಲ ಸಲ ನನ್ನನ್ನು ಕೇಳಿದರು: "ನೀನಾ ಹೇಳಿಬಿಡು, ಯಾವಾಗ ಮಾರೋಣು?"

ಕರು ನನ್ನ ಬೆರಳು ಚೀಪುತ್ತಿತ್ತು. "ಹುಲ್ಲು ಕಡಿಯೋದು ಕಲೀಲಿ ತಡೀರಿ" ಅಂದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಈಗ ಅವರಿಬ್ಬರೂ ಇಲ್ಲ. ಕೊನೆಗೆ ಉಳಿದಿದ್ದ ಎರಡು ಆಕಳುಗಳನ್ನು ನಾನೇ ಮಾರಿದೆ. ತಡಿ ಎನ್ನುವವರು ಯಾರೂ ಇರಲಿಲ್ಲ. ಒಂದೇ ಮಾತಿಗೆ ಮುಗಿದುಹೋಯಿತು. ಈ ಹಾಳೆಗಳನ್ನು ಇಲಿ ಮುಟ್ಟದ ಕಡೆ ಎತ್ತಿಡಿ, ಮಕ್ಕಳೇ.