ಮಾಂಟ್ರಿಯಲ್‌ಗೆ ನಾನು ಬರೆದ ಅರ್ಜಿ

ಸಿಂಧನೂರಿನ ತಹಸೀಲ್ ಕಚೇರಿ ಮುಂದೆ ಕುಂತು ಇಪ್ಪತ್ತು ವರ್ಷದಿಂದ ಮಂದಿಯ ಅರ್ಜಿ ಬರೆಯುತ್ತಿದ್ದೇನೆ. ಸಾಲಗುಂದದವರ ಪಹಣಿ ತಿದ್ದುಪಡಿ, ದಢೇಸುಗೂರಿನವರ ಕಾಲುವೆ ತಕರಾರು, ಎಲ್ಲಾ ನನ್ನ ಕೈಯಾಗಿಂದಲೇ ಹೋಗಬೇಕು. ಮೇಲೆ ‘ಮಾನ್ಯರೇ’, ಕೆಳಗೆ ‘ತಮ್ಮ ವಿಧೇಯ’. ಬಾಗುವುದರಲ್ಲಿ ನನ್ನ ಪೆನ್ನಿನಷ್ಟು ಪಳಗಿದ್ದು ತಾಲೂಕಿನಲ್ಲಿ ಇನ್ನೊಂದಿಲ್ಲ.

ನನ್ನ ತಂಗಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸರ್ಕಾರಿ ಶಾಲೆಯ ಟೀಚರು. ವಲಸೆ ಬಂದವರ ಮಕ್ಕಳಿಗೆ ಫ್ರೆಂಚ್ ಕಲಿಸುತ್ತಾಳೆ. ಆ ಪ್ರಾಂತ್ಯದವರ ಮಾತು ಫ್ರೆಂಚ್, ಸುತ್ತಲೂ ಇಂಗ್ಲಿಷು. ತಮ್ಮ ಭಾಷೆ, ತಮ್ಮ ರೀತಿ ಎಲ್ಲಿ ಮುಳುಗುತ್ತದೋ ಎಂಬ ಚಿಂತೆ ಅವರಿಗೆ. ಚಿಂತೆ ಮಾಡುವವರೆಲ್ಲ ನನಗೆ ಬೀಗರಿದ್ದಂತೆ. ಆದರೆ ಬೀಗರ ಚಿಂತೆ ನನ್ನ ತಂಗಿಯ ತಲೆಯ ಸ್ಕಾರ್ಫಿಗೆ ಬಂದು ನಿಂತಿತ್ತು. ಟೀಚರುಗಳು ಧರ್ಮದ ಗುರುತು ಹಾಕುವಂತಿಲ್ಲವೆಂದು ಅಲ್ಲಿ ಕಾನೂನು. ತೆಗೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಶುಕ್ರವಾರಕ್ಕೆ ಮುಗೀತು. ಶಾಲೆಗೆ ಬರೆದು ಉತ್ತರ ಕೊಡಬೇಕೆಂದು ಫೋನಿನಲ್ಲಿ ಹೇಳಿದಳು.

“ನೀ ಸುಮ್ಮನಿರು, ನಾ ಬರೀತೀನಿ. ಫ್ರೆಂಚಿಗೆ ತಿರುಗಿಸೂದು ಅಷ್ಟೇ ನಿನ್ನ ಕೆಲಸ,” ಎಂದೆ.

ಮರುದಿನ ವಿಡಿಯೋ ಕಾಲ್‌ನಲ್ಲಿ ಓದಿದೆ: “ದೂರದಿಂದ ಬಂದು ತಮ್ಮ ಆಶ್ರಯದಲ್ಲಿರುವ ಬಡ ಹೆಣ್ಣುಮಗಳಾದ ನಾನು, ಸದರಿ ಸ್ಕಾರ್ಫನ್ನು ಶಾಲೆ ಬಿಡುವವರೆಗೆ ಮಡಚಿ ಇಟ್ಟುಕೊಳ್ಳಲು ಒಪ್ಪಿದ್ದು... ಲಗತ್ತು: ಜಾತಿ ಮತ್ತು ಆದಾಯ ಪ್ರಮಾಣಪತ್ರ.”

ಆಕೆ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗಲಿಲ್ಲ.

“ಭಾಯಿ, ಅವರ ಭಾಷಾ ಉಳಿಸಾಕ ಮಕ್ಕಳಿಗೆ ಕಲಿಸಾಕತ್ತೀನಿ. ಯಾರ ಆಶ್ರಯದಾಗ ಯಾರದಾರ?”

ಅಡುಗೆಮನೆಯಿಂದ ನನ್ನ ಹೆಂಡತಿ, “ಇವರು ನಳದ ನೀರು ಬಿಡಾವನಿಗೂ ‘ತಮ್ಮ ವಿಧೇಯ’ ಅಂತ ಬರದಾರ, ಬಿಡು ಬೇ,” ಎಂದಳು.

“ನೌಕರಿ ಹೋದ್ರ?” ಎಂದೆ.

“ನೌಕರಿ ಹೋಗ್ತದ. ನಾ ಎಲ್ಲಿಗೂ ಹೋಗಂಗಿಲ್ಲ. ಹಾಳಿ ತಗೋ, ನಾ ಹೇಳಿದಂಗ ಬರಿ.”

ಬರೆದೆ. ‘ಸ್ಕಾರ್ಫ್ ತೆಗೆಯುವುದಿಲ್ಲ. ನಾನಾಗಿ ಕೆಲಸ ಬಿಡುವುದೂ ಇಲ್ಲ. ಬಿಡಿಸುವುದಾದರೆ ಕಾರಣ ಬರೆದು ಕೊಡಿ.’ ಮೂರೇ ಸಾಲು. ಕಾರಣ ಕೊಡಿ ಎಂದು ನಾನು ಯಾವ ಸಾಹೇಬರನ್ನೂ ಕೇಳಿದವನಲ್ಲ. ಈ ಸಲ ಕೇಳಿದೆ. ಕೆಳಗೆ ‘ವಿಧೇಯ’ವನ್ನೂ ಹಾಕಲಿಲ್ಲ.

ಶುಕ್ರವಾರ ಕೆಲಸ ಹೋಯಿತು. ಕಾರಣವನ್ನೂ ಬರೆದು ಕೊಟ್ಟರು, ಸಹಿ ಸಮೇತ.

ಈಗ ಅವೇ ಮಕ್ಕಳು ಸಂಜೆ ಅವಳ ಮನೆಗೆ ಬರುತ್ತಾರೆ, ತಾಯಂದಿರೇ ಕರೆತಂದು ಬಿಡುತ್ತಾರೆ. ಶಾಲೆಯವರು ಕಾರಣ ಬರೆದುಕೊಟ್ಟ ಆ ಪತ್ರವನ್ನು ಗೋಡೆಗೆ ಅಂಟಿಸಿದ್ದಾಳೆ. ಫ್ರೆಂಚ್ ಓದಲು ಮೊದಲ ಪಾಠ ಅದೇ. ತಪ್ಪಿಲ್ಲದೆ ಓದಿದವರಿಗೆ ಎರಡು ಬಿಸ್ಕತ್ತು.