ಕಾಲು ಮುರಿದ ಮೆಮೊರಿ ಚಿಪ್

1989ರಲ್ಲಿ ನಾನು ಸುಳ್ಯದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಆ ವರ್ಷ ಇನ್‌ಸ್ಟಿಟ್ಯೂಟಿನ ಯಜಮಾನರು ಬೆಂಗಳೂರಿನ ಯಾವುದೋ ಕಚೇರಿಯವರಿಗೆ ಬೇಡವಾದ ಹಳೆಯ ಕಂಪ್ಯೂಟರ್ ಒಂದನ್ನು ತಂದರು. ಅದನ್ನು ನಂಬಿ ಆರು ಹುಡುಗಿಯರು ಕಂಪ್ಯೂಟರ್ ಪರೀಕ್ಷೆಗೆ ಹೆಸರು ಕೊಟ್ಟರು. ಆದರೆ ಪರೀಕ್ಷೆಗೆ ಬೇಕಾದ ಪ್ರೋಗ್ರಾಮ್ ಹಾಕಿದರೆ, ಮೆಮೊರಿ ಸಾಲದು ಎಂದು ತೋರಿಸಿ ಯಂತ್ರ ನಿಂತುಬಿಡುತ್ತಿತ್ತು. ಉಳಿದದ್ದು ಎರಡೇ ತಿಂಗಳು.

"ಇದಕ್ಕೆ ಸರಿಹೊಂದುವ ಮೆಮೊರಿ ಯಾವುದು ಅಂತ ಪುತ್ತೂರಿಗೆ ಹೋಗಿ ವಿಚಾರಿಸಿ ಬನ್ನಿ ಟೀಚರೇ" ಎಂದು ಹೇಳಿ ಯಜಮಾನರು ಕೈತೊಳೆದುಕೊಂಡರು.

ನಮ್ಮ ಕಡೆ ಮಿಕ್ಸಿಯ ಬುಶ್ ಬೇಕಾದರೂ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು. ನಾನೂ ಹಾಗೇ ಮಾಡಹೊರಟೆ. ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಸಾಲಿನಲ್ಲಿ ಒಂಬತ್ತು ಕಪ್ಪು ಚಿಪ್‌ಗಳಿದ್ದವು, ಪಕ್ಕದ ಸಾಲು ಖಾಲಿ. ಸ್ಯಾಂಪಲ್ಲಿಗೆ ಒಂದಿರಲಿ ಎಂದು ಸ್ಕ್ರೂಡ್ರೈವರಿನಿಂದ ಮೀಟಿದೆ. ಚಿಪ್ ಮೇಲೆ ಬಂತು, ಅದರ ಲೋಹದ ಕಾಲುಗಳಲ್ಲಿ ಒಂದು ಮಾತ್ರ ಮುರಿದು ಸಾಕೆಟ್ಟಿನಲ್ಲೇ ಉಳಿಯಿತು. ಆ ತುಂಡನ್ನು ಚಿಮಟದಲ್ಲಿ ತೆಗೆದು, ಚಿಪ್ಪನ್ನು ಮತ್ತೆ ಕೂರಿಸಿ ಸ್ವಿಚ್ ಹಾಕಿದೆ. ಪರದೆಯಲ್ಲಿ ಏನೂ ಮೂಡಲಿಲ್ಲ. ಇದ್ದದ್ದನ್ನೂ ಕೆಡಿಸಿಟ್ಟಿದ್ದೆ.

ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಹಮೀದ್ ಎಂಬವರ ರೇಡಿಯೋ ರಿಪೇರಿ ಅಂಗಡಿಯಿತ್ತು. ಹತ್ತಿಯಲ್ಲಿ ಸುತ್ತಿ ತಂದಿದ್ದ ಚಿಪ್ಪನ್ನು ಅವರ ಮುಂದಿಟ್ಟು, "ಇದು ಮೊದಲೇ ಹೀಗಿತ್ತು" ಎಂದು ಒಂದು ಸುಳ್ಳನ್ನೂ ಸೇರಿಸಿದೆ.

ಅವರು ಭೂತಗನ್ನಡಿ ಹಿಡಿದು ನೋಡಿದರು. "ಮುರಿದ ಜಾಗ ಹೊಳೀತಾ ಉಂಟು ಟೀಚರೇ, ಇದು ಈಗ ಮುರಿದದ್ದು. ಮೀಟಿ ತೆಗೆದದ್ದಾದ್ರೆ ಬಾಕಿ ಕಾಲುಗಳನ್ನೂ ನೋಡ್ಬೇಕಾಗ್ತದೆ. ಎಂತ ಆದದ್ದು ಹೇಳಿ."

ನನ್ನ ಕಿವಿ ಬಿಸಿಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ತೆಳ್ಳಗಿನ ತಂತಿ ಕತ್ತರಿಸಿ ಕಾಲಿನ ಬುಡಕ್ಕೆ ಬೆಸುಗೆ ಹಾಕಿದರು. ಬಳಿಕ ಚಿಪ್‌ಗಳ ವಿವರವಿದ್ದ ಒಂದು ದಪ್ಪ ಪುಸ್ತಕದ ಹಾಳೆ ತಿರುವಿದರು.

"ನಂಬರು ಬರ್ಕೊಂಡು ಬಂದಿದ್ರೆ ಸಾಕಿತ್ತು ಮಾರಾಯ್ರೆ. 41256 ಅಂತ ಉಂಟಲ್ಲ, ಅದೇ ಬೇಕು. ಗೀಟು ಹಾಕಿ 15 ಅಂತ ಉಂಟು, ಅದು ವೇಗ, ನಂಬರು ಕಡಿಮೆ ಆದಷ್ಟು ವೇಗ ಜಾಸ್ತಿ. 12 ಆದ್ರೂ ಆಗ್ತದೆ, 20 ಆಗುದಿಲ್ಲ. ಸಾಲಿನಲ್ಲಿ ಎಷ್ಟು ಉಂಟು?"

"ಒಂಬತ್ತು."

"ಹಾಗಾದ್ರೆ ಒಂಬತ್ತೇ ತರಿಸ್ಬೇಕು. ನನ್ನ ಭಾವ ದುಬೈಯಿಂದ ರಜೆಯಲ್ಲಿ ಬರ್ಲಿಕ್ಕುಂಟು, ಅವನಿಗೆ ಬರೀತೇನೆ."

ಸಂಜೆ ಸುಳ್ಯಕ್ಕೆ ಬಂದು ಚಿಪ್ ಕೂರಿಸಿದೆ. ಯಂತ್ರಕ್ಕೆ ಜೀವ ಬಂತು. ಯಜಮಾನರಿಗೂ ನಡೆದದ್ದೆಲ್ಲ ಹೇಳಿ, ಬೈಸಿಕೊಂಡು ಹಗುರಾದೆ.

ಪರೀಕ್ಷೆಗೆ ಎರಡು ವಾರ ಇರುವಾಗ ದುಬೈಯ ಚಿಪ್‌ಗಳು ಬಂದವು. ಒಂಬತ್ತನ್ನೂ ಖಾಲಿ ಸಾಲಿನಲ್ಲಿ ಕೂರಿಸಿ ಸ್ವಿಚ್ ಹಾಕಿದೆ. ಮೆಮೊರಿಯ ಲೆಕ್ಕ ಪರದೆಯ ಮೇಲೆ ನಿಧಾನವಾಗಿ ಏರತೊಡಗಿತು. ಯಾವಾಗಲೂ 256ಕ್ಕೆ ನಿಲ್ಲುತ್ತಿದ್ದದ್ದು ಆ ದಿನ ಅದನ್ನು ದಾಟಿ 512ರವರೆಗೂ ಹೋಯಿತು. ಸುತ್ತ ನಿಂತಿದ್ದ ಹುಡುಗಿಯರಿಗೆ ಕಾಣದಂತೆ ಕಣ್ಣೊರೆಸಿಕೊಂಡೆ. ಆರು ಮಂದಿಯೂ ಪಾಸಾದರು.

ಫಲಿತಾಂಶ ಬಂದ ಮೇಲೆ ಸಿಹಿ ತೆಗೆದುಕೊಂಡು ಪುತ್ತೂರಿಗೆ ಹೋದೆ. ಹಮೀದರು ತುಂಬ ಖುಷಿಪಟ್ಟರು. ನಾನು ಹೊರಡುವಾಗ ಸ್ವಲ್ಪ ಸಂಕೋಚದಿಂದ ಕೇಳಿದರು: "ಈ ಕಂಪ್ಯೂಟರ್ ನೋಡ್ಲಿಕ್ಕೆ ಹೇಗೆ ಇರ್ತದೆ ಟೀಚರೇ?"

ಸುಳ್ಯಕ್ಕೊಮ್ಮೆ ಬನ್ನಿ ಎಂದು ಅಷ್ಟು ದಿನದಲ್ಲಿ ಒಂದು ಸಲವೂ ಕರೆದಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.