ಚಮಚದಕ್ಕನ ತಗಡುಮೀನು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಚಮಚದಕ್ಕ ಎಂದು. ಪಾತ್ರೆ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ನಿಂತು ಚಮಚ ಉಜ್ಜಿದವಳು. ಗಿರಗಿರ ತಿರುಗುವ ಬಟ್ಟೆಚಕ್ರಕ್ಕೆ ಚಮಚದ ಬೆನ್ನೊಡ್ಡಿ, ಅದರಲ್ಲಿ ತನ್ನ ಮೂಗು ಬದನೆಕಾಯಿಯಷ್ಟು ದಪ್ಪವಾಗಿ ಕಾಣುವವರೆಗೆ ಕೈಬಿಡುತ್ತಿರಲಿಲ್ಲ. ಕೊನೆಗೊಂದು ದಿನ ಕಾರ್ಖಾನೆಗೆ ದೊಡ್ಡ ಯಂತ್ರ ಬಂತು, ಆ ವಿಭಾಗಕ್ಕೆ ಬೀಗ ಬಿತ್ತು. ಹಳೆಯ ಚಕ್ರವೊಂದನ್ನು ಅವಳಿಗೇ ಕೊಟ್ಟು ಕಳಿಸಿದರು. ಅವಳು ಅದನ್ನು ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂರಿಸಿಕೊಂಡಳು.

ಅವಳ ಇನ್ನೊಂದು ಗುಣ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳು ಮಹಾ ಚಿಂತೆಯ ಹೆಂಗಸು. ಹಾಲು ಒಲೆಗಿಟ್ಟ ಗಳಿಗೆಯಿಂದಲೇ ಉಕ್ಕೀತೆಂದು ಕಾವಲು ನಿಲ್ಲುವವಳು. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದವಳು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಿದ್ದಳು. “ನಮ್ಮಕ್ಕ ಮಳೆ ಬರೋಕೆ ಮುಂಚೆನೇ ನೆಂದುಬಿಡ್ತಾಳೆ” ಎಂದು ತಮ್ಮ ನಗುತ್ತಿದ್ದ. ನಗಲಿ, ಅವನಿಗೇನು. ಅವನಿಗೆ ಎಂಟು ವರ್ಷ, ಇವಳಿಗೆ ಹತ್ತೊಂಬತ್ತು ಇದ್ದಾಗ ತಂದೆತಾಯಿ ಇಬ್ಬರೂ ಹೋದರು. ಅಂದಿನಿಂದ ಅವನಿಗೆ ಜ್ವರ ಬಂದರೆ ಇವಳ ಮೈ ಕಾಯುತ್ತಿತ್ತು. ಈಗ ಅವನು ಸಿಟಿ ಬಸ್ಸಿನ ಡ್ರೈವರ್, ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ತಮ್ಮ, ತಮ್ಮನ ಹೆಂಡತಿ, ಇವಳು, ಮೂವರೂ ಅದೇ ಮನೆಯಲ್ಲಿದ್ದರು.

ತಮ್ಮನಿಗೆ ಮೀನು ಹಿಡಿಯುವ ಹುಚ್ಚು. ವಾರದ ರಜೆ ಬಂತೆಂದರೆ ಗಾಳದ ಕೋಲು ಹಿಡಿದು ಊರಾಚೆಯ ಸಮುದ್ರದ ಬಂಡೆಗಳಿಗೆ ಹೋಗುತ್ತಿದ್ದ. ಒಮ್ಮೆ ಅಕ್ಕನ ಕೋಣೆಯಿಂದ ಹಿಡಿ ಮುರಿದ ಚಮಚವೊಂದನ್ನು ಒಯ್ದು, ತೂತು ಕೊರೆದು, ಗಾಳಕ್ಕೆ ಕಟ್ಟಿ ಎಸೆದಿದ್ದ. ನೀರಿನೊಳಗೆ ಅದು ಹೊಳೆಯುತ್ತ ಬರುವುದನ್ನು ಕಂಡು ದೊಡ್ಡ ಮೀನೊಂದು ಸಣ್ಣ ಮೀನೆಂದು ಬಗೆದು ಬಾಯಿ ಹಾಕಿತ್ತು. ಮೊಳದುದ್ದದ ಮೀನು ಮನೆಗೆ ಬಂದ ದಿನದಿಂದ ಚಮಚದಕ್ಕನಿಗೆ ಹೊಸ ಕೆಲಸ ಹುಟ್ಟಿತು. ಅಂಥ ತುಂಡುಗಳಿಗೆ ತಗಡುಮೀನು ಎಂದು ಹೆಸರಿಟ್ಟವಳೂ ಅವಳೇ.

ಹಿತ್ತಲಿನ ಸಿಮೆಂಟು ತೊಟ್ಟಿಯೇ ಅವಳ ಸಮುದ್ರ. ತಗಡುಮೀನಿಗೆ ದಾರ ಕಟ್ಟಿ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಎಳೆಯುವುದು, ಬಗ್ಗಿ ನೋಡುವುದು, ಮತ್ತೆ ಎಳೆಯುವುದು. ಕನ್ನಡಿಯಂತೆ ಉಜ್ಜಿದ್ದು ಒಮ್ಮೆ ಫಳಕ್ಕೆಂದು ಮಿಂಚಿ ಕಪ್ಪಾಗಿಬಿಡುತ್ತಿತ್ತು. ಮೀನಿನ ಮೈ ಹಾಗೆ ಮಿಂಚುವುದಿಲ್ಲ, ಬೆಳಕನ್ನು ಚೂರುಚೂರು ಮಾಡಿ ಎರಚುತ್ತದೆ. ಅದಕ್ಕವಳು ಗುಂಡುಮೊನೆಯ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಕುಳಿ ಬಡಿದಳು, ಆಮೇಲೆ ಪಾಲಿಶ್ ಮಾಡಿದಳು. ಹೆಚ್ಚು ಬಗ್ಗಿಸಿದರೆ ಬುಗುರಿಯಂತೆ ಸುತ್ತಿ ದಾರವನ್ನೆಲ್ಲ ಹುರಿಗಟ್ಟಿಸುತ್ತಿತ್ತು. ಚಪ್ಪಟೆ ಬಿಟ್ಟರೆ ಸತ್ತ ಎಲೆಯಂತೆ ಬರುತ್ತಿತ್ತು. ಎರಡರ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಅದಕ್ಕೆ ಜೀವ ಬರುತ್ತಿತ್ತು. ಆ ಜಾಗ ಅವಳ ಹೆಬ್ಬೆರಳಿಗೆ ಗೊತ್ತಿತ್ತು.

ಬಂದರಿನ ಹತ್ತಿರ ಗಾಳದ ಸಾಮಾನಿನ ಅಂಗಡಿ ಇಟ್ಟಿದ್ದ ಮುದುಕರೊಬ್ಬರು ಅವನ್ನು ಮಾರಾಟಕ್ಕಿಟ್ಟರು. ಒಂದು ದಿನ ಅವರೇ ಹೇಳಿದರು:

“ಮಿಂಚೋದೇನೋ ಚೆನ್ನಾಗಿ ಮಿಂಚತ್ತೆ ಅಕ್ಕಾ. ಆದ್ರೆ ಎಸೆದ್ರೆ ಗಾಳಿಲಿ ಹಪ್ಪಳದ ಥರ ತೇಲತ್ತೆ. ಬಂಡೆ ಮೇಲೆ ನಿಲ್ಲೋರಿಗೆ ದೂರ ಹೋಗೋದು ಬೇಕು. ಅಂಥದ್ದೊಂದು ಮಾಡಿಕೊಡಿ ನೋಡೋಣ.”

ಹನ್ನೊಂದು ದಿನ ಹಿಡಿಯಿತು. ದಪ್ಪ ಹಿತ್ತಾಳೆ ಪಟ್ಟಿ ಕತ್ತರಿಸಿ, ಬೆರಳಿಗಿಂತ ಸಪೂರ ಮಾಡಿ, ಬಾಲದ ಕಡೆಗೆ ತೂಕ ಬರುವಂತೆ ಅರ ಹಾಕಿ ತಿದ್ದಿ, ಬಾಲಕ್ಕೆ ಮೂರು ಮೊನೆಯ ಕೊಕ್ಕೆ ಸಿಕ್ಕಿಸಿದಳು. ಮೂರು ತಗಡು ತಯಾರಾದವು. ಎರಡನ್ನು ರಜೆಯ ದಿನ ಬೆಳಗ್ಗೆ ತಮ್ಮನ ಕೈಗಿಟ್ಟಳು.

“ಹನ್ನೊಂದು ದಿನದ ಕೆಲಸ ಕಣೋ. ಎಲ್ಲಾದ್ರೂ ಕಳ್ಕೊಂಡು ಬಂದೀಯ.”

“ನನ್ನನ್ನ ಬೇಕಾದ್ರೆ ಕಳ್ಕೊಂಡೇನು, ನಿನ್ನ ತಗಡು ವಾಪಸ್ ತರ್ತೀನಿ” ಎಂದು ಅವನು ಚಪ್ಪಲಿ ಮೆಟ್ಟಿ ಹೊರಟ.

ಅವನು ಹೋಗಿ ಎರಡು ಗಂಟೆಯಾಗಿರಬಹುದು. ಮೂರನೆಯದನ್ನು ಅವಳು ತೊಟ್ಟಿಗಿಳಿಸಿ ನೋಡುತ್ತಿದ್ದಳು. ಕೊಕ್ಕೆ ತೊಟ್ಟಿಯ ತಳದ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಅವಳು ದಾರವನ್ನು ಕೈಗೆ ಸುತ್ತಿ ಜಗ್ಗಿದಳು. ನೈಲಾನ್ ದಾರ ರಬ್ಬರಿನಂತೆ ಹಿಗ್ಗಿತು. ಇನ್ನಷ್ಟು ಜಗ್ಗಿದಳು. ಸರಕ್ಕನೆ ಬಿಟ್ಟಿತು ನೋಡಿ, ಕಿವಿಯ ಪಕ್ಕದಲ್ಲಿ ಸುಯ್ ಎಂದದ್ದಷ್ಟೇ ಗೊತ್ತು. ಹಿಂದೆ ಪಟ್ ಎಂದಿತು. ತಿರುಗಿ ನೋಡಿದರೆ ಗೋಡೆಗೆ ಒರಗಿಸಿಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟಿನ ಹೊಟ್ಟೆಯಲ್ಲಿ ತೂತು, ತೂತಿನೊಳಗೆ ತಗಡುಮೀನು.

ಅವಳು ಆ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ದೂರ ಹೋಗಲೆಂದು ತಾನು ಕೊಟ್ಟ ರೂಪ, ಎಸೆದವನ ಕಡೆಗೇ ತಿರುಗಿದರೆ ಬಾಣ. ಹಳೆಯ ಅಗಲದ ತಗಡಾಗಿದ್ದರೆ ಗಾಳಿಯಲ್ಲಿ ತಡವರಿಸಿ ಬಿದ್ದುಹೋಗುತ್ತಿತ್ತು. ಇದು ತಡವರಿಸುವುದಿಲ್ಲ. ತಾನೇ ಹಾಗೆ ಮಾಡಿದ್ದಲ್ಲವೇ, ತಡವರಿಸದ ಹಾಗೆ?

ತಮ್ಮನಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಅಲೆಯ ಸದ್ದಿಗೆ ಕೇಳಿಸುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಉಟ್ಟ ಬಟ್ಟೆಯಲ್ಲೇ, ಅವತ್ತು ಮೊದಲ ಬಾರಿಗೆ ಬಾಗಿಲಿಗೆ ಬೀಗವನ್ನೂ ಹಾಕದೆ ಬಸ್ ನಿಲ್ದಾಣಕ್ಕೆ ಓಡಿದಳು. ಬಸ್ಸು ಬರಲಿಲ್ಲ. ಬಂದದ್ದು ಬೆಳಗ್ಗೆಯೇ ಹೊರಗೆ ಹೋಗಿದ್ದ ತಮ್ಮನ ಹೆಂಡತಿಯ ಫೋನು.

“ಅತ್ತಿಗೆ, ಕಣ್ಣಾಸ್ಪತ್ರೆಗೆ ಬನ್ನಿ. ಗಾಬರಿ ಆಗಬೇಡಿ.”

ಗಾಬರಿ ಆಗಬೇಡಿ ಎಂಬ ಮಾತಿನಷ್ಟು ಗಾಬರಿ ಹುಟ್ಟಿಸುವ ಮಾತು ಯಾವ ಭಾಷೆಯಲ್ಲೂ ಇರಲಾರದು.

ಆಸ್ಪತ್ರೆಯಲ್ಲಿ ತಮ್ಮ ಬಲಗಣ್ಣಿಗೆ ಮುಚ್ಚಳದಂಥ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಹುಬ್ಬು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತ್ತು. ಅಕ್ಕನನ್ನು ಕಂಡದ್ದೇ ಬಾಯ್ತೆರೆದ:

“ಏನಿಲ್ಲಕ್ಕ, ಒಂದು ಕೊಂಬೆ ಬಡೀತು.”

ಆ ಬಂಡೆಗಳ ಸುತ್ತ ಕೂಗಳತೆಯಲ್ಲಿ ಒಂದು ಗಿಡವೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ತಮ್ಮನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು.

ವೈದ್ಯರು ಕರೆದು ಹೇಳಿದರು. ಕಣ್ಣಿನ ಮುಂಭಾಗದೊಳಗೆ ರಕ್ತ ಕಟ್ಟಿದೆ. ತಾನಾಗಿ ಇಂಗಬೇಕು. ಹತ್ತು ದಿನ ತಲೆ ಎತ್ತರಿಸಿ ಮಲಗಿರಬೇಕು, ಬಗ್ಗಬಾರದು, ಓದಬಾರದು, ಮೈ ಕುಲುಕಬಾರದು. ದಿನ ಬಿಟ್ಟು ದಿನ ಬಂದು ಕಣ್ಣಿನ ಒತ್ತಡ ನೋಡಿಸಿಕೊಳ್ಳಬೇಕು. ಮತ್ತೆ ರಕ್ತ ಒಸರಿದರೆ ಕಷ್ಟ.

“ಇವನು ಬಸ್ಸು ಓಡಿಸೋನು ಡಾಕ್ಟ್ರೇ” ಎಂದಳು ಚಮಚದಕ್ಕ.

“ಮೊದಲು ಕಣ್ಣು ಉಳಿಸಿಕೊಳ್ಳೋಣಮ್ಮ. ಬಸ್ಸು ಆಮೇಲೆ.”

ಆ ಹತ್ತು ದಿನ ಮನೆಯಲ್ಲಿ ಯಾರೂ ಬಾಗಿಲನ್ನು ಸದ್ದಾಗುವಂತೆ ಮುಚ್ಚಲಿಲ್ಲ. ತಮ್ಮ ನಾಲ್ಕು ದಿಂಬಿನ ಮೇಲೆ ರಾಜನಂತೆ ಒರಗಿರುತ್ತಿದ್ದ. ಸೀನು ಬರುವಂತಾದರೆ ಇಬ್ಬರು ಹೆಂಗಸರೂ ಎರಡು ಕಡೆಯಿಂದ ಓಡಿ ಬರುತ್ತಿದ್ದರು. “ಇನ್ನು ಸೀನೋಕೂ ನಿಮ್ಮ ಅಪ್ಪಣೆ ಬೇಕಾ?” ಎಂದು ಅವನು ನಗಿಸಲು ನೋಡುತ್ತಿದ್ದ. ಚಮಚದಕ್ಕ ಬಟ್ಟೆಚಕ್ರಕ್ಕೆ ಗೋಣಿಚೀಲ ಹೊದಿಸಿದ್ದಳು. ಅವನು ಕಣ್ಣು ಮುಚ್ಚಿದ್ದರೆ ನೋವೇನೋ ಎಂದು, ತೆರೆದಿದ್ದರೆ ಆಯಾಸವೇನೋ ಎಂದು ಅವಳಿಗೆ ಕಳವಳ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ತನ್ನ ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಅಡುಗೆಮನೆಯಲ್ಲಿ ಓಡಾಡಿ ನೋಡಿದಳು. ಲೋಟಕ್ಕೆಂದು ಸುರಿದ ನೀರು ಲೋಟದ ಪಕ್ಕಕ್ಕೆ ಬಿತ್ತು. ಮತ್ತೆ ಸುರಿದಳು, ಮತ್ತೆ ಪಕ್ಕಕ್ಕೆ. ಒಂದು ಲೋಟದ ಅಂದಾಜೇ ಸಿಗದಿದ್ದರೆ ಎದುರಿಂದ ಬರುವ ಲಾರಿಯ ಅಂದಾಜು ಎಲ್ಲಿಂದ ಸಿಕ್ಕೀತು? ನೆಲ ಒರೆಸುತ್ತ ಅಲ್ಲೇ ಅತ್ತಳು.

ಆರನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ತಮ್ಮನ ಹೆಂಡತಿ ಗಂಜಿ ಕುಡಿಸುತ್ತಿದ್ದಳು. ಇವಳು ಹೊಸಿಲ ಮೇಲೆ ನಿಂತುಕೊಂಡೇ ಹೇಳಿದಳು:

“ಕೊಂಬೆ ಅಲ್ಲ. ನನ್ನ ತಗಡು.”

ತಮ್ಮನ ಹೆಂಡತಿಯ ಕೈಯಲ್ಲಿ ಚಮಚ ನಿಂತಿತು. ತಮ್ಮ ಎಡಗಣ್ಣನ್ನು ಅಕ್ಕನ ಕಡೆ ತಿರುಗಿಸಿದ.

“ಯಾರು ಹೇಳಿದ್ರು?”

“ಮನೇಲಿದ್ದದ್ದು ಬಕೆಟ್ಟಿಗೆ ತೂತು ಮಾಡ್ತು. ನಾನು ಅಂಥಾದ್ದನ್ನ ಮಾಡಿ ನಿನ್ನ ಕೈಗೆ ಕೊಟ್ಟೆ.”

“ತಗಡಿಂದೇನೂ ತಪ್ಪಿಲ್ಲಕ್ಕ. ಎಷ್ಟು ದೂರ ಹೋಯ್ತು ಗೊತ್ತಾ? ಅಷ್ಟು ದೂರ ನಾನು ಜನ್ಮದಲ್ಲಿ ಎಸೆದಿಲ್ಲ. ಕಲ್ಲಿಗೆ ಸಿಕ್ಕಾಕೊಂಡ್ತು. ದಾರ ಕತ್ತರಿಸಿ ಎದ್ದು ಬರಬೇಕಿತ್ತು, ಯಾವತ್ತೂ ಹಾಗೇ ಮಾಡೋದು. ಹನ್ನೊಂದು ದಿನ ಕೂತು ಮಾಡಿದಾಳಲ್ಲ, ಹ್ಯಾಗೆ ಬಿಟ್ಟು ಬರೋದು ಅನ್ನಿಸ್ತು. ಎಳೆದೆ.”

ಕಳ್ಕೊಂಡು ಬಂದೀಯ ಎಂದವಳು ಯಾರು? ಆ ಮಾತು ತಗಡಿಗಿಂತ ನೇರವಾಗಿ ಬಂದು ಅವಳಿಗೆ ತಾಕಿತು.

ತಮ್ಮನ ಹೆಂಡತಿ ಬಟ್ಟಲನ್ನು ಕೆಳಗಿಟ್ಟಳು. ಬೈಯುತ್ತಾಳೆ, ಬೈದರೆ ಬೈಯಲಿ ಎಂದು ಚಮಚದಕ್ಕ ಕಾದಳು. ಅವಳು ಬೈದದ್ದು ಗಂಡನಿಗೆ.

“ಕೊಂಬೆ ಅಂತೆ ಕೊಂಬೆ! ಆರು ದಿನದಿಂದ ನಾನು ಆ ಹಾಳು ಮರಕ್ಕೆ ಶಾಪ ಹಾಕ್ತಾ ಕೂತಿದೀನಿ.” ಆಮೇಲೆ ಇವಳ ಕಡೆ ತಿರುಗಿದಳು. “ಅತ್ತಿಗೆ, ನೀವು ಅತ್ತಿದ್ದು ಸಾಕು. ಅಂಗಡಿಗೆ ಕೊಟ್ಟಿದೀರಾ ಇದನ್ನ?”

ಇಲ್ಲ, ಇನ್ನೂ ಕೊಟ್ಟಿರಲಿಲ್ಲ. ಅಷ್ಟು ಪುಣ್ಯ. ಸಪೂರ ತಗಡಿನ ಅಳತೆಗೆಂದು ಮಾಡಿಟ್ಟುಕೊಂಡಿದ್ದ ಅಚ್ಚನ್ನು ಚಮಚದಕ್ಕ ಅವತ್ತೇ ಕತ್ತರಿಸಿ ಹಾಕಿದಳು.

ಹತ್ತನೆಯ ದಿನ ಪಟ್ಟಿ ಬಿಚ್ಚಿದರು. ರಕ್ತ ಇಂಗಿತ್ತು. ಕಣ್ಣಿನ ಪಾಪೆ ಮಾತ್ರ ಎಡಗಣ್ಣಿನದಕ್ಕಿಂತ ಕೊಂಚ ದೊಡ್ಡದಾಗಿ ಉಳಿದುಬಿಟ್ಟಿತು. ಬಿಸಿಲು ಚುಚ್ಚುತ್ತಿತ್ತು. ನೋಟ ಮಸುಕು ಮಸುಕು. ಇನ್ನೊಂದು ತಿಂಗಳು ಬಿಟ್ಟು ಡಿಪೋದಲ್ಲಿ ಕಣ್ಣಿನ ಪರೀಕ್ಷೆ, ಪಾಸಾದರೆ ಸ್ಟೇರಿಂಗು, ಇಲ್ಲದಿದ್ದರೆ ಏನು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಆ ತಿಂಗಳು ಅವಳನ್ನು ಕಾಪಾಡಿದ್ದು ಕೆಲಸ. ಚಕ್ರದ ಮೇಲಿನ ಗೋಣಿ ತೆಗೆಸಿದವನೂ ತಮ್ಮನೇ. “ಸುಮ್ನೆ ಕೂತು ನನ್ನ ಕಣ್ಣನ್ನೇ ನೋಡ್ತಾ ಇದ್ರೆ ಅದಕ್ಕೂ ನಾಚಿಕೆ ಆಗತ್ತೆ” ಎಂದ. ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಸಿಕ್ಕಿಕೊಂಡರೆ ತಾನೇ ಎಳೆಯುವುದು? ಸಿಕ್ಕಿಕೊಳ್ಳದಂತೆ ಮಾಡಿದರೆ? ಮೂರು ಮೊನೆಯ ಕೊಕ್ಕೆ ತೆಗೆದು ಒಂದೇ ಮೊನೆಯದನ್ನು ತಗಡಿನ ಬೆನ್ನಿಗೆ, ಮೇಲ್ಮುಖವಾಗಿ ಕೂರಿಸಿದಳು. ಹೊಟ್ಟೆಯ ಕೆಳಗೆ ದೋಣಿಗಿರುವಂತೆ ಒಂದು ಏಣು ಬೆಸೆದಳು, ಮಗುಚದಿರಲೆಂದು. ಮೊನೆಯ ಮುಂದೆ ತೆಳು ತಂತಿಯೊಂದನ್ನು ಬಾಗಿಸಿ ನಿಲ್ಲಿಸಿದಳು. ಕಲ್ಲು ತಾಗಿದರೆ ತಂತಿ ಜಾರಿಸುತ್ತದೆ, ಮೀನು ಕಚ್ಚಿದರೆ ಬಗ್ಗಿ ಮೊನೆ ಬಿಟ್ಟುಕೊಡುತ್ತದೆ. ಮೈಯನ್ನು ಮತ್ತೆ ಅಗಲ ಮಾಡಿದಳು. ತೊಟ್ಟಿಯ ತುಂಬ ಜಲ್ಲಿಕಲ್ಲು, ಒಡೆದ ಹೆಂಚು, ಬೇರಿನ ತುಂಡು ಸುರಿದು ನೂರು ಸಲ ಎಳೆದಳು, ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ. ನೂರರಲ್ಲಿ ನಾಲ್ಕು ಸಲ ಸಿಕ್ಕಿತು.

ಆ ನಾಲ್ಕು ಅವಳಿಗೆ ನಿದ್ದೆ ಕೊಡಲಿಲ್ಲ. ಏನು ಮಾಡಿದರೂ ಅವು ನಾಲ್ಕಾಗಿಯೇ ಉಳಿದವು. ಕೊನೆಗೆ ಉಳಿಯನ್ನು ಚೂಪು ಮಾಡಿಕೊಂಡು ಪ್ರತಿ ತಗಡಿನ ಬೆನ್ನ ಮೇಲೂ ಎರಡು ಪದ ಕೆತ್ತಿದಳು: ಸಿಕ್ಕರೆ ಕತ್ತರಿಸು.

ಅಂಗಡಿಯ ಮುದುಕರು ಕನ್ನಡಕ ಏರಿಸಿ ಓದಿ ಹುಬ್ಬು ಗಂಟಿಕ್ಕಿದರು. “ಮಾರೋ ಮಾಲಿನ ಮೇಲೆ ಇಂಥ ಅಪಶಕುನ ಯಾರಾದ್ರೂ ಬರೀತಾರಾ ಅಕ್ಕಾ? ಪಾಲಿಶ್ ಬೇರೆ ಹಾಳು. ಮೊದಲಿನದಷ್ಟು ದೂರಾನೂ ಹೋಗಲ್ಲ ಅಂತೀರಿ.”

“ಹೋಗಲ್ಲ. ಇಪ್ಪತ್ತು ಹೆಜ್ಜೆ ಕಮ್ಮಿ.”

“ಆ ಸಪೂರದ್ದೇ ಕೊಡಿ, ಎಳೆಯೋದು ಬಿಡೋದು ಎಸೆಯೋರ ಹಣೆಬರಹ.”

“ಅದರ ಅಚ್ಚು ಕತ್ತರಿಸಿ ಹಾಕಿದೀನಿ” ಎಂದಳು ಅವಳು. ಕೆತ್ತಿದ ತಗಡುಗಳನ್ನು ಮುಂದಕ್ಕೆ ತಳ್ಳಿದಳು. “ಇದು ಬೇಕಾದ್ರೆ ಇಡಿ. ಓದು ಬರದೋರಿಗೆ ನೀವು ಬಾಯಲ್ಲಿ ಹೇಳಬೇಕು. ಹೇಳ್ತೀನಿ ಅಂದ್ರೆ ಮಾತ್ರ ಕೊಡೋದು.”

ಮುದುಕರು ಗೊಣಗಿಕೊಂಡೇ ಆರು ತಗಡು ತೆಗೆದಿಟ್ಟರು. ಆಮೇಲೆ ಇನ್ನೂ ಆರು ಕೇಳಿ ಕಳಿಸಿದರು. ಕಲ್ಲಿಗೆ ಸಿಕ್ಕುವುದಿಲ್ಲವೆಂಬ ಸುದ್ದಿ ಬಂಡೆಯಿಂದ ಬಂಡೆಗೆ ಹೋಗಿತ್ತಂತೆ.

ಡಿಪೋದ ಪರೀಕ್ಷೆಯ ದಿನ ಅವಳೂ ಹೋದಳು. ಬೇಡವೆಂದರೂ ಕೇಳಲಿಲ್ಲ. ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರೆ ಒಳಗಿನದೆಲ್ಲ ಕೇಳಿಸುತ್ತಿತ್ತು. ಎಡಗಣ್ಣಿನದು ಸರಸರ ಮುಗಿಯಿತು. ಬಲಗಣ್ಣಿನದು ಶುರುವಾಯಿತು. ಮೊದಲ ಸಾಲು, ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ಅವನ ದನಿ ನಿಂತಿತು. ಅವಳು ಬೆಂಚಿನ ಅಂಚನ್ನು ಹಿಡಿದುಕೊಂಡಳು. ಪಕ್ಕದಲ್ಲಿದ್ದ ಕಂಡಕ್ಟರ್ ಒಬ್ಬ “ನೀರು ಬೇಕಾ ಅಮ್ಮಾ?” ಎಂದ. ಅವಳಿಗೆ ಅವನ ಮಾತು ಕೇಳಿಸಲಿಲ್ಲ. ಒಳಗಿನಿಂದ ಮೆಲ್ಲಗೆ, ಒಂದೊಂದೇ ಅಕ್ಷರ ಹೆಕ್ಕಿ ಹೆಕ್ಕಿ ಹೇಳುವ ದನಿ ಮತ್ತೆ ಬಂತು. ಐದನೆಯ ಸಾಲಿನಲ್ಲಿ ಎರಡು ತಪ್ಪಿದ. ಅಷ್ಟು ಸಾಕಂತೆ. ಹಗಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಓಡಿಸಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಬರೆದುಕೊಟ್ಟರು.

ಮರುದಿನ ಬೆಳಗಿನ ಎರಡನೆಯ ಟ್ರಿಪ್ಪಿಗೆ ಅವಳು ಹೇಳದೆ ಕೇಳದೆ ಬಸ್ಸು ಹತ್ತಿ ಡ್ರೈವರ್ ಸೀಟಿನ ಹಿಂದೆಯೇ ಕೂತಳು. ತಮ್ಮ ಕನ್ನಡಿಯಲ್ಲಿ ನೋಡಿದ.

“ಎಲ್ಲಿಗಕ್ಕ?”

“ಸುಮ್ನೆ. ಕೊನೇ ಸ್ಟಾಪಿಗೆ.”

“ಅಲ್ಲೇನಿದೆ?”

“ನಿಂಗ್ಯಾಕೆ? ಮುಂದೆ ನೋಡಿ ಓಡ್ಸು.”

ಬಸ್ಸು ಹೊರಟಿತು. ಬ್ರೇಕು ಇದ್ದದ್ದು ಅವನ ಕಾಲಡಿಯಲ್ಲಿ, ಆದರೆ ಪ್ರತಿ ತಿರುವಿನಲ್ಲೂ ಅವಳೂ ಬಲಗಾಲು ಒತ್ತುತ್ತಿದ್ದಳು. ಮಾರುಕಟ್ಟೆಯ ಹತ್ತಿರ ಬಲಗಡೆಯಿಂದ ಸೈಕಲ್ಲೊಂದು ನುಗ್ಗಿತು. ಅವಳು ಬಾಯಿ ತೆರೆಯುವ ಮೊದಲೇ ಬಸ್ಸು ನಿಂತಿತ್ತು. ಸೈಕಲ್ಲಿನವನು ಕೈ ಎತ್ತಿ ದಾಟಿ ಹೋದ. ಕೊನೆಯ ಸ್ಟಾಪು ಬರುವಷ್ಟರಲ್ಲಿ ಅವಳ ಮೀನಖಂಡ ಗಂಟು ಕಟ್ಟಿ ಇಳಿಯಲೂ ಆಗಲಿಲ್ಲ. ಅದೇ ಬಸ್ಸಿನಲ್ಲಿ ಹಿಂದಿರುಗಿದಳು.